ಅಪ್ಪನ 1979ರ ಪದ್ಮಿನಿ, ಹದಿಮೂರು ವರ್ಷದಿಂದ ಶೆಡ್ಡಿನಲ್ಲಿದೆ: ಎಲ್ಲಿಂದ ಶುರು ಮಾಡಲಿ?

ಶೆಡ್ಡಿನ ಫಿಯಟ್, ಮೈಸೂರು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳುವ ಸರದಿ ನನ್ನದು.

ನಮ್ಮ ಮನೆಯಲ್ಲಿ 1979ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ದುಡ್ಡು ಕಟ್ಟಿ, ವರ್ಷಗಟ್ಟಲೆ ಕಾದು ತಂದ ಗಾಡಿ. ಹೆಸರು ಪದ್ಮಿನಿ ಆದರೂ ಮನೆಯಲ್ಲಿ ಯಾರೂ ಹಾಗೆ ಕರೆದದ್ದಿಲ್ಲ. ನಮಗೆ ಅದು ‘ಫಿಯಟ್ಟು’. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಹಿತ್ತಿಲಿನ ಶೀಟ್ ಶೆಡ್ಡಿಗೆ ತಳ್ಳಿದೆವು, ಹದಿಮೂರು ವರ್ಷ ಆಯಿತು. ಅಪ್ಪ ತೀರಿಕೊಂಡು ಎರಡು ವರ್ಷ. ಹೋದ ವಾರ ಅಮ್ಮ ಹೇಳಿದರು: “ಓಡಿಸ್ತೀಯಾ ಅಂದ್ರೆ ಓಡಿಸು, ಇಲ್ಲ ಗುಜರಿಯವನನ್ನ ಕರಿ. ಹೀಗೆ ಇಲಿ ಸಾಕೋಕೆ ನನಗಿಷ್ಟ ಇಲ್ಲ.”

ಪರಿಸ್ಥಿತಿ ಹೀಗಿದೆ. ನಾಲ್ಕೂ ಟೈರ್ ನೆಲಕ್ಕೆ ಕೂತಿವೆ. ಬ್ಯಾಟರಿ ಟ್ರೇ ತುಂಬ ಬಿಳಿ ಪುಡಿ. ಡ್ರೈವರ್ ಕಡೆ ಮ್ಯಾಟ್ ಎತ್ತಿದರೆ ಶೆಡ್ಡಿನ ನೆಲ ಕಾಣಿಸುತ್ತದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಲಿ ಗೂಡು. ಗೂಡಿನೊಳಗೆ ಅಪ್ಪನ ಹಳೇ ಪೆಟ್ರೋಲ್ ಬಿಲ್ಲುಗಳ ಚೂರು.

ನನ್ನ ಪ್ಲಾನ್: ಹೊಸ ಬ್ಯಾಟರಿ, ಐದು ಲೀಟರ್ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ ನೋಡುವುದು. ಆಮೇಲೆ ಪೇಂಟಿಂಗ್. ಆಮೇಲೆ ನಿಧಾನವಾಗಿ ಮಾರುತಿ ಇಂಜಿನ್, ಡಿಸ್ಕ್ ಬ್ರೇಕ್, ಎಸಿ, ಫ್ಲೋರ್ ಗೇರ್ (ಈಗ ಗೇರ್ ಇರುವುದು ಸ್ಟೀರಿಂಗ್ ಕಂಬದ ಮೇಲೆ). ನಾನು ಕಂಪ್ಯೂಟರ್ ಕೆಲಸದವನು. ಸ್ಪ್ಯಾನರ್ ಸೆಟ್ ಇದೆ, ಶನಿವಾರ ಭಾನುವಾರ ಇವೆ. ಸರಿ ಇದೆಯಾ ಹೇಳಿ.

ಹುಬ್ಬಳ್ಳಿ ಮೇಸ್ತ್ರಿ

ತಮ್ಮಾ, ಬ್ಯಾಟರಿ ತರಬೇಡ. ತಂದಿದ್ದರೆ ಮನೆಯೊಳಗೆ ಇಡು.

ಇಷ್ಟು ವರ್ಷ ನಿಂತ ಇಂಜಿನ್‌ನಲ್ಲಿ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಕಚ್ಚಿಕೊಂಡಿರುತ್ತದೆ. ಅದರ ಮೇಲೆ ಸೆಲ್ಫ್ ಹೊಡೆದರೆ ರಿಂಗು ಮುರಿಯುತ್ತದೆ, ಇಲ್ಲವೇ ಗೋಡೆಗೆ ಗೀರು ಬೀಳುತ್ತದೆ. ಆಮೇಲೆ ಸಿಲಿಂಡರ್ ಕೊರೆಸುವ ರೀಬೋರು, ಓವರ್‌ಸೈಜ್ ಪಿಸ್ಟನ್ನು, ಲೇತ್ ಅಂಗಡಿ ಮುಂದೆ ಹದಿನೈದು ದಿನ ಚಹಾ ಕುಡಿಯುವ ಕೆಲಸ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚು. ಡೀಸೆಲ್ಲು, ಇಂಜಿನ್ ಆಯಿಲ್ಲು ಸಮ ಬೆರೆಸಿ ಒಂದೊಂದು ತೂತಿಗೂ ಎರಡು ಮೂರು ಚಮಚ ಬಿಡು. ಬಟ್ಟೆ ತುರುಕಿ ವಾರ ಬಿಟ್ಟುಬಿಡು. ದಿನಾ ನೋಡು, ಇಳಿದಿದ್ದರೆ ಮತ್ತೆ ಹಾಕು. ಆಮೇಲೆ ಚೇಂಬರಿನ ಹಳೇ ಆಯಿಲ್ ಇಳಿಸಿ ಹೊಸದು ಹಾಕು. ಟೈರಿಗೆ ಗಾಳಿ ಹಿಡಿಸಿ, ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸು. ಜೋರಾಗಿ ತಳ್ಳಬೇಡ. ತೊಟ್ಟಿಲು ತೂಗಿದ ಹಾಗೆ.

ಇನ್ನೊಂದು ಮಾತು. ನಿನ್ನ ಪ್ಲಾನಿನಲ್ಲಿ ಡಿಸ್ಕ್ ಇದೆ, ಬ್ರೇಕ್ ಇಲ್ಲ. ಈ ಗಾಡಿಗೆ ನಾಲ್ಕೂ ಡ್ರಮ್ಮು, ಆಯಿಲ್‌ಗೆ ಒಂದೇ ಲೈನು. ಒಂದು ಚಕ್ರದ ಸಿಲಿಂಡರ್ ಸೋರಿದರೆ ನಾಲ್ಕು ಚಕ್ರದ ಬ್ರೇಕೂ ಹೋಯಿತು. ನಮ್ಮ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಇಂಥದೇ ನಿಂತ ಗಾಡಿ ಸ್ಟಾರ್ಟ್ ಆಯಿತೆಂಬ ಖುಷಿಗೆ ಗೇಟಿನಾಚೆ ತೆಗೆದ. ಎದುರಿಗೆ ಕಬ್ಬಿನ ಹಾಲಿನ ಗಾಡಿ. ಪುಣ್ಯಕ್ಕೆ ಅದರ ಮಾಲೀಕ ಊಟಕ್ಕೆ ಹೋಗಿದ್ದ.

ಮೊದಲು ಬ್ರೇಕು, ಸ್ಟೀರಿಂಗು. ಆಮೇಲೆ ನೆಲದ ತಗಡು, ವೈರಿಂಗು, ಪೆಟ್ರೋಲ್ ಲೈನು. ಇಂಜಿನ್ ಅದರ ಹಿಂದೆ. ಪೇಂಟಿನ ಮಾತು ಮುಂದಿನ ವರ್ಷ.

ಉಪ್ಪುಗಾಳಿ, ಕುಂದಾಪುರ

ಮೇಸ್ತ್ರಿಗಳ ಮಾತು ಒಪ್ಪಿದೆ. ಆದರೆ ನಾನು ಬ್ರೇಕಿಗೂ ಮೊದಲು ತಗಡು ನೋಡುತ್ತೇನೆ. ನೋಡುವುದು ಮಾತ್ರ. ತಗಡು ಪೂರಾ ಹೋಗಿದ್ದರೆ ಉಳಿದ ಖರ್ಚೆಲ್ಲ ದಂಡ.

ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆಲ್ಲ ಓಡಿಸಿ. ಎಲ್ಲಿ ಜಾರಿ ಬೀಳುತ್ತದೋ ಅಲ್ಲಿ ಕೆಳಗಿರುವುದು ಪುಟ್ಟಿ, ತಗಡಲ್ಲ. ಆಮೇಲೆ ಹಳೇ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಕೂತುಕೊಳ್ಳಿ. ಬ್ಯಾಟರಿ ಟ್ರೇ, ಚಕ್ರದ ಕಮಾನಿನ ಒಳಬದಿ, ಡಿಕ್ಕಿಯ ತಳ, ಬಾಗಿಲುಗಳ ಕೆಳ ಅಂಚು, ಎಲ್ಲ ಕಡೆ ಚುಚ್ಚಿ ನೋಡಿ. ಒಳಗೆ ಹೋದರೆ ಬೇಜಾರಾಗಬೇಡಿ, ಮೊದಲೇ ಗೊತ್ತಾಯಿತಲ್ಲ.

ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೆ ಪೆಟ್ಟಿಗೆಯಂಥ ಭಾಗ ಇದೆಯಲ್ಲ, ಹೊಸ್ತಿಲು ಅನ್ನಿ, ಗಾಡಿಯ ಭಾರ ಹೊರುವುದು ಅದು. ನನ್ನ ಗಾಡಿಯಲ್ಲಿ ವೆಲ್ಡಿಂಗಿನವರು ಬೇಗ ಮುಗಿಸುವ ಆಸೆಗೆ ಎರಡೂ ಬದಿಯ ಹೊಸ್ತಿಲು ಒಟ್ಟಿಗೆ ಕತ್ತರಿಸಿ ಹಾಕಿದರು. ಹೊಸ ತಗಡು ಕೂರಿಸಿ, ಸಂಜೆ ಬಾಗಿಲು ಹಾಕಲು ಹೋದರೆ ಚಿಲಕ ಅದರ ಕೊಂಡಿಗಿಂತ ಒಂದು ಬೆರಳು ಕೆಳಗೆ. ಹಳೇ ಹಗ್ಗದ ಮಂಚದ ಹಾಗೆ ಗಾಡಿ ನಡುವೆ ಬಾಗಿತ್ತು. ಮಾಡಿದ್ದನ್ನೆಲ್ಲ ಮತ್ತೆ ಕೊಯ್ದು ಸರಿ ಮಾಡಲು ಎರಡು ತಿಂಗಳು ಹೋಯಿತು. ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಆಂಗ್ಲ್ ಕೊಟ್ಟು ಬಿಗಿ ಮಾಡಿ, ಆಮೇಲೆ ಒಂದೇ ಬದಿ, ಅದರಲ್ಲೂ ತುಂಡು ತುಂಡಾಗಿ ಕತ್ತರಿಸಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಹೊರಗೆ, ಪೆಟ್ರೋಲ್ ಟ್ಯಾಂಕ್ ಇನ್ನೂ ದೂರ ಹೊರಗೆ. ಖಾಲಿ ಟ್ಯಾಂಕಿಗೆ ಏನೂ ಆಗಲ್ಲ ಅನ್ನುವವರ ಮಾತು ಕೇಳಬೇಡಿ. ಖಾಲಿ ಟ್ಯಾಂಕಿನ ಹಬೆಯೇ ಸಿಡಿಯುವುದು.

ಮತ್ತೆ, ಹಾಲೋ ಬ್ಲಾಕ್ ಮೇಲೆ ಗಾಡಿ ಇಟ್ಟು ಕೆಳಗೆ ಮಲಗಬೇಡಿ. ಹೇಳದೆ ಕೇಳದೆ ಪುಡಿಯಾಗುತ್ತದೆ. ಜಾಕ್ ಸ್ಟ್ಯಾಂಡ್ ನಾಲ್ಕು ತನ್ನಿ.

ಒರಿಜಿನಲ್ ಮಾತ್ರ

ಮಾರುತಿ ಇಂಜಿನ್ ಎಂದು ಓದಿ ಎದೆ ಝಲ್ ಎಂದಿತು.

ಸ್ವಾಮೀ, ಈ ಗಾಡಿ 1964ರಲ್ಲಿ ಮುಂಬೈಯ ಕುರ್ಲಾ ಕಾರ್ಖಾನೆಯಿಂದ ಫಿಯಟ್ 1100 ಡಿಲೈಟ್ ಆಗಿ ಬಂದದ್ದು. 1974ರಲ್ಲಿ ಪದ್ಮಿನಿ ಆಯಿತು. 1089 ಸಿಸಿ, 40 ಎಚ್‌ಪಿ, ಅಲ್ಯೂಮಿನಿಯಂ ಹೆಡ್ಡು, ಸೋಲೆಕ್ಸ್ ಕಾರ್ಬುರೇಟರ್. ಆ ಇಂಜಿನ್ ತೆಗೆದರೆ ಉಳಿಯುವುದು ತಗಡಿನ ಡಬ್ಬಿ.

ಲಾಭದ ಮಾತು ಬೇಕಾದರೆ ಅದೂ ಇದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಆಗ ‘ವಿಎ’ ಅಕ್ಷರ ಇರುವ ಹೊಸ ನಂಬರ್ ಸಿಗುತ್ತದೆ. ಫೀ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ನಿಮ್ಮ ಗಾಡಿಗೆ 2029ಕ್ಕೆ 50 ತುಂಬುತ್ತದೆ. ಅಲ್ಲಿಯವರೆಗೆ ಕೈ ಹಚ್ಚದೆ ಇರಿ.

ಜೆಸಿ ರೋಡ್ ಜಂಗಮ, ಬೆಂಗಳೂರು

ಒರಿಜಿನಲ್ ಸಾರ್, ನೀವು ಒಂದು ವಿಷಯ ಬಿಟ್ಟುಬಿಟ್ಟಿರಿ. ವಿಎ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್, ಇಂಥದಕ್ಕೆ ಮಾತ್ರ. ಅವರ ಅಮ್ಮನಿಗೆ ಬೇಕಿರುವುದು ಓಡುವ ಗಾಡಿ.

ಹಾಗಂತ ಮಾರುತಿ ಇಂಜಿನ್‌ಗೆ ನಾನೂ ಓಟು ಹಾಕಲ್ಲ. ಇಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರಬೇಕು. ಇಲ್ಲದಿದ್ದರೆ ಇನ್ಶೂರೆನ್ಸ್‌ನವರಿಗೆ ನೆಪ ಸಿಕ್ಕಿದ ಹಾಗೆ. ಅಷ್ಟೂ ಆಗಿ ಬದಲಾಯಿಸಲೇಬೇಕು ಅಂದರೆ ಪ್ರೀಮಿಯರ್‌ನವರದೇ 118ಎನ್‌ಇ ಗಾಡಿಯ ನಿಸ್ಸಾನ್ 1171 ಸಿಸಿ ಇಂಜಿನ್ ಇದೆ. ನಾನು ಒಂದು ಗಾಡಿಗೆ ಕೂರಿಸಿದ್ದೇನೆ. ಚೆನ್ನಾಗಿ ಓಡುತ್ತದೆ. ಬಿಚ್ಚಿದ ಹಳೇ ಇಂಜಿನ್ ಮಹಡಿ ಮೇಲೆ ಟಾರ್ಪಾಲ್ ಹೊದ್ದು ಕೂತಿದೆ. ಹೆಂಡತಿ ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದಾಳೆ.

ನನ್ನ ಲೆಕ್ಕ ಇಷ್ಟೇ: ಸ್ಪ್ಯಾನರ್ ಹಿಡಿದು ಬಿಚ್ಚಿ ಹಳೆಯದನ್ನು ಮತ್ತೆ ಕೂರಿಸಬಹುದಾದದ್ದು ಏನು ಬೇಕಾದರೂ ಮಾಡಿ. ಕೊರೆಯುವುದು, ಕತ್ತರಿಸುವುದು ಬೇಡ. 2029ಕ್ಕೆ ಮನಸ್ಸು ಬದಲಾದರೆ ದಾರಿ ತೆರೆದಿರುತ್ತದೆ.

ಸ್ಪೇರ್ಸ್ ವಿಷಯ: ಮುಂಬೈಯ ಕಾಲಿ-ಪೀಲಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ಗೆ ರಸ್ತೆಯಿಂದ ಹೋದವು. ಅಲ್ಲಿ ಓಡುವ ಗಾಡಿ ಇದ್ದಷ್ಟು ದಿನ ಹೊಸ ಮಾಲು ಬರುತ್ತಿತ್ತು. ಈಗ ಸಿಕ್ಕಿದಾಗ ಎತ್ತಿಟ್ಟುಕೊಳ್ಳಬೇಕು. ಬೆಂಗಳೂರಿಗೆ ಬಂದರೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎರಡೂ ಸುತ್ತೋಣ. ಹಳೇ ಪಾರ್ಟ್ ಕೈಯಲ್ಲಿ ಹಿಡಿದುಕೊಂಡು ಬನ್ನಿ. ಬಾಯಲ್ಲಿ ವರ್ಣಿಸಿದರೆ ಯಾವುದೋ ಕೊಡುತ್ತಾರೆ.

ನೋಡೋಕೆ ಬಂದವ

ಇಷ್ಟೆಲ್ಲ ಸುರಿಯುವ ದುಡ್ಡಿಗೆ ಒಳ್ಳೇ ಸೆಕೆಂಡ್ ಹ್ಯಾಂಡ್ ವ್ಯಾಗನ್‌ಆರ್ ಬರುತ್ತದಲ್ವಾ?

ಹುಬ್ಬಳ್ಳಿ ಮೇಸ್ತ್ರಿ

ಬರುತ್ತದೆ.

ಶೆಡ್ಡಿನ ಫಿಯಟ್, ಮೈಸೂರು

ಮೂರು ವಾರ ಆಯಿತು. ವರದಿ ಒಪ್ಪಿಸುತ್ತಿದ್ದೇನೆ.

ಮೇಸ್ತ್ರಿಗಳು ಹೇಳಿದ ಹಾಗೆ ಡೀಸೆಲ್ ಆಯಿಲ್ ಬಿಟ್ಟೆ. ಮೊದಲ ಮೂರು ತೂತಿನಲ್ಲಿ ಎರಡು ದಿನಕ್ಕೆ ಇಳಿಯಿತು. ನಾಲ್ಕನೆಯದರಲ್ಲಿ ಹಾಗೇ ನಿಂತಿತ್ತು. ಒಂಬತ್ತನೇ ದಿನ ತಮ್ಮ, ಪಕ್ಕದ ಮನೆಯ ಹುಡುಗ, ನಾನು ಸೇರಿ ತೂಗಿದೆವು. ಅರ್ಧ ಗಂಟೆ ಏನೂ ಇಲ್ಲ. ಬಿಟ್ಟು ಕಾಫಿ ಕುಡಿದು ಬಂದು ಮತ್ತೆ ಹಿಡಿದೆವು. ‘ಟಕ್’ ಎಂದು ಒಂದು ಸಣ್ಣ ಶಬ್ದ. ಮೂವರೂ ಕೈ ಬಿಟ್ಟು ಹಿಂದೆ ಸರಿದೆವು, ಏನೋ ಮುರಿಯಿತು ಎಂದು. ನೋಡಿದರೆ ಫ್ಯಾನ್ ಎರಡು ಬೆರಳಿನಷ್ಟು ತಿರುಗಿತ್ತು.

ತಗಡು: ಡ್ರೈವರ್ ಕಡೆ ನೆಲ, ಬ್ಯಾಟರಿ ಟ್ರೇ, ಎಡಗಡೆ ಹೊಸ್ತಿಲಿನ ಹಿಂದಿನ ಒಂದು ಅಡಿ ಹೋಗಿವೆ. ಉಳಿದದ್ದು ಗಟ್ಟಿ. ಟಿಂಕರಿಂಗ್ ಮಾಡುವ ಹಿರಿಯರೊಬ್ಬರು ಮನೆಗೇ ಬಂದು ಮಾಡಿಕೊಡುತ್ತಾರಂತೆ. ಅಡ್ಡ ಆಂಗ್ಲ್ ಕೊಡಬೇಕು ಎಂದೆ. “ಯಾರು ಹೇಳಿಕೊಟ್ಟರು?” ಎಂದು ಒಂದು ಥರ ನೋಡಿದರು. ಒಪ್ಪಿಕೊಂಡಿದ್ದಾರೆ.

ತುಕ್ಕು ಹಿಡಿದ ಸಣ್ಣ ಸಾಮಾನು ಒಂದು ಬುಟ್ಟಿ ಇದೆ. ಬಾಗಿಲ ಕೀಲು, ಬ್ರಾಕೆಟ್ಟು, ಬೋಲ್ಟು. ಉಜ್ಜಿ ಉಜ್ಜಿ ಕೈ ಹೋಯಿತು. ಬೇರೆ ದಾರಿ?

ಆಲೆಮನೆ, ಮಂಡ್ಯ

ಕಾಕಂಬಿ! ದನದ ಮೇವಿಗೆ ಬೆರೆಸುತ್ತಾರಲ್ಲ, ಅದೇ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಡ್ರಮ್ಮಿನಲ್ಲಿ ಸಾಮಾನು ಮುಳುಗಿಸಿ ಎರಡು ವಾರ ಮರೆತುಬಿಡಿ. ತುಕ್ಕು ಮಾತ್ರ ಬಿಡುತ್ತದೆ, ಒಳ್ಳೇ ಕಬ್ಬಿಣ ಹಾಗೇ ಇರುತ್ತದೆ. ತೆಗೆದು ಪೈಪ್ ನೀರು ಹೊಡೆದು ತಕ್ಷಣ ಒಣಗಿಸಿ ಪ್ರೈಮರ್ ಹಚ್ಚಿ. ಒಂದು ರಾತ್ರಿ ಬಿಟ್ಟರೂ ಹಳದಿ ತುಕ್ಕು ಬಂದುಬಿಡುತ್ತದೆ. ಅಲ್ಯೂಮಿನಿಯಂ ಸಾಮಾನು ಹಾಕಬೇಡಿ, ತಿಂದುಹಾಕುತ್ತದೆ.

ವಾಸನೆ ಮಾತ್ರ ನಾನು ಹೇಳುವುದಿಲ್ಲ. ಡ್ರಮ್ ಹಿತ್ತಿಲಿನ ಕೊನೆಯಲ್ಲಿರಲಿ.

ವೈರ್‌ಮ್ಯಾನ್, ದಾವಣಗೆರೆ

ಎರಡು ವಾರ ತಾಳ್ಮೆ ಇಲ್ಲದವರಿಗೆ: ಪ್ಲಾಸ್ಟಿಕ್ ಬಕೆಟ್ಟು, ನೀರು, ಲೀಟರಿಗೆ ಒಂದು ಚಮಚ ಬಟ್ಟೆ ಸೋಡ, ಹಳೇ 12 ವೋಲ್ಟ್ ಬ್ಯಾಟರಿ ಚಾರ್ಜರ್. ತುಕ್ಕಿನ ಸಾಮಾನಿಗೆ ಮೈನಸ್, ಬೇಡದ ಕಬ್ಬಿಣದ ತುಂಡಿಗೆ ಪ್ಲಸ್. ಎರಡೂ ಒಂದಕ್ಕೊಂದು ತಾಗಬಾರದು. ಒಂದು ರಾತ್ರಿಗೆ ತುಕ್ಕು ಕಪ್ಪು ಕೆಸರಾಗಿ ಬಿಡುತ್ತದೆ. ಪ್ಲಸ್‌ಗೆ ಸ್ಟೀಲ್ ಚಮಚ ಗಿಮಚ ಹಾಕಬೇಡಿ, ಸ್ಟೇನ್‌ಲೆಸ್‌ನಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಮೇಲೇಳುವ ಗುಳ್ಳೆ ಹೈಡ್ರೋಜನ್. ಆದ್ದರಿಂದ ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ.

ವೈರಿಂಗ್ ಮುಟ್ಟುವ ಮೊದಲು ಒಂದು ಸಲ ನನಗೆ ಫೋಟೋ ಹಾಕಿ.

ಶೆಡ್ಡಿನ ಫಿಯಟ್, ಮೈಸೂರು

ಬ್ರೇಕ್ ಪುರಾಣ.

ಹಿಂದಿನ ಎಡ ಡ್ರಮ್ ಬಿಡಲೇ ಇಲ್ಲ. ತುಕ್ಕು ಬಿಡಿಸುವ ಆಯಿಲ್ ಹೊಡೆದು, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ, ಮೂರು ಸಂಜೆ ಹೋದವು. ನಾಲ್ಕನೇ ಸಂಜೆ ತಾನಾಗಿ ಬಂದ ಹಾಗೆ ಬಂತು. ಒಳಗೆ ಬೂದಿ ಬಣ್ಣದ ಪುಡಿ. ಬಾಯಲ್ಲಿ ಊದಲು ಹೋಗಿದ್ದೆ. ಹಳೇ ಲೈನರ್‌ನಲ್ಲಿ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಇರುತ್ತದೆ ಎಂದು ಓದಿದ್ದು ನೆನಪಾಗಿ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿಟ್ಟೆ. ನಾಲ್ಕು ಚಕ್ರದ ಸಿಲಿಂಡರ್‌ಗಳಲ್ಲೂ ರಬ್ಬರ್ ಕಪ್ ಕಲ್ಲಾಗಿತ್ತು. ಎರಡರ ಒಳಗೋಡೆ ಹುಳ ತಿಂದ ಹಾಗೆ. ಅವನ್ನು ಹೊಸದು ಹಾಕಿಸಿದೆ, ಉಳಿದದ್ದಕ್ಕೆ ಕಿಟ್. ರಬ್ಬರ್ ಹೋಸು ಎಲ್ಲ ಹೊಸದು, ಲೋಹದ ಪೈಪೂ ಹೊಸದು. ಬ್ರೇಕ್ ಆಯಿಲ್ ಡಾಟ್ 3 ದರ್ಜೆಯದು.

ಬ್ರೇಕ್ ಲೈನಿನ ಗಾಳಿ ತೆಗೆಯಲು ಪೆಡಲ್ ಒತ್ತುವವರು ಬೇಕಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂತರು. ನಲವತ್ತು ವರ್ಷಕ್ಕೂ ಹೆಚ್ಚು ಆ ಗಾಡಿಯ ಜೊತೆ ಇದ್ದವರು, ಆ ಸೀಟಿನಲ್ಲಿ ಕೂತದ್ದು ಅವತ್ತೇ ಮೊದಲು. “ಒತ್ತಿ, ಹಿಡಿಯಿರಿ, ಬಿಡಿ” ಎಂದು ನಾನು ಹಿಂದಿನ ಎಡ ಚಕ್ರದ ಕೆಳಗಿಂದ ಕೂಗುತ್ತಿದ್ದೆ. ಮೂರನೇ ಚಕ್ರದ ಹೊತ್ತಿಗೆ ಅವರೇ ಕೂಗಲು ಶುರು ಮಾಡಿದರು: “ಹಿಡಿದಿದೀನಿ, ಬಿಚ್ಚು. ಈಗ ಬಿಗಿ ಮಾಡು.” ಕೊನೆಗೆ ಪೆಡಲ್ ಕಲ್ಲಿನ ಹಾಗೆ ನಿಂತಿತು. “ಇದು ನಿಮ್ಮಪ್ಪ ಓಡಿಸುವಾಗಲೂ ಇಷ್ಟು ಗಟ್ಟಿ ಇರಲಿಲ್ಲ, ನೋಡು” ಎಂದರು. ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.

ಪ್ರಶ್ನೆ: ಡಿಸ್ಕ್ ಬೇಕಾ? ಮತ್ತೆ ಮುಂದಿನ ಬಲ ಚಕ್ರ ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆ.

ಹುಬ್ಬಳ್ಳಿ ಮೇಸ್ತ್ರಿ

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು.

ಕಟಕಟಕ್ಕೆ ಪರೀಕ್ಷೆ ಇದೆ. ಚಕ್ರ ಜಾಕಿನ ಮೇಲೆ ಎತ್ತು. ಗಡಿಯಾರದ 12, 6ರ ಜಾಗ ಹಿಡಿದು ಅಲ್ಲಾಡಿಸು. ತಾಯಿಯವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸು. ಆಟ ನಿಂತರೆ ಬೇರಿಂಗು, ಬಿಗಿ ಮಾಡಿದರೆ ಆಯಿತು. ಬ್ರೇಕ್ ಒತ್ತಿದರೂ ಆಡಿದರೆ ಕಿಂಗ್ ಪಿನ್ನು, ಅಂದರೆ ಮುಂದಿನ ಚಕ್ರ ಎಡ ಬಲ ತಿರುಗುವ ಕೀಲು. ಪಿನ್ನು ಬುಷ್ಷು ಹೊಸದು ಹಾಕಿ ರೀಮರ್ ಹೊಡೆಸಬೇಕು, ಅದನ್ನು ಅನುಭವ ಇರುವವರ ಕೈಗೇ ಕೊಡು. ಹಾಕಿಸಿದ ಮೇಲೆ ನಿಪ್ಪಲ್‌ಗೆ ತಪ್ಪದೆ ಗ್ರೀಸ್ ಹೊಡಿ. ಈ ಗಾಡಿಗಳ ಕಿಂಗ್ ಪಿನ್ ಸವೆಯುವುದು ಓಡಿಸಿದ್ದಕ್ಕಲ್ಲ, ಗ್ರೀಸ್ ಮರೆತದ್ದಕ್ಕೆ.

ಡಿಸ್ಕ್ ಬಗ್ಗೆ: 40 ಎಚ್‌ಪಿ ಗಾಡಿ, 900 ಕಿಲೋ ಹತ್ತಿರ ತೂಕ. ಸರಿಯಾಗಿ ಕೂರಿಸಿದ ಡ್ರಮ್ ಸಾಕು. ದುಡ್ಡು ಹಾಕಲೇಬೇಕು ಅಂದರೆ ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸು. ಒಂದು ಲೈನ್ ಹೋದರೂ ಇನ್ನೊಂದು ಜೊತೆಗಿರುತ್ತದೆ.

ವೈರ್‌ಮ್ಯಾನ್, ದಾವಣಗೆರೆ

ಫೋಟೋ ನೋಡಿದೆ. ಆ ವೈರಿಂಗ್ ಮೇಲೆ ಬ್ಯಾಟರಿ ಕೊಟ್ಟಿದ್ದರೆ ಶೆಡ್ಡೂ ಹೋಗುತ್ತಿತ್ತು. ಇಲಿ ಕಡಿದ ಜಾಗಕ್ಕೆ ಟೇಪ್ ಸುತ್ತಬೇಡಿ, ಪೂರಾ ಹಾರ್ನೆಸ್ (ವೈರುಗಳ ಕಟ್ಟು) ಬದಲಾಯಿಸಿ. ಹಳೇದನ್ನು ಹಾಗೇ ಬಿಚ್ಚಿ ನೆಲದ ಮೇಲೆ ಹರಡಿ, ಅದೇ ಅಳತೆಗೆ ಹೊಸದು ಕಟ್ಟಿ. ಪ್ರತಿ ತುದಿಗೂ ಚೀಟಿ. ಬಿಚ್ಚುವ ಮೊದಲು ಫೋನಿನಲ್ಲಿ ಮೂವತ್ತಲ್ಲ, ಮುನ್ನೂರು ಫೋಟೋ.

ಅಪ್‌ಗ್ರೇಡ್ ಅಂತ ಒಂದೇ ಒಂದು ಮಾಡುವುದಾದರೆ ಇದು ಮಾಡಿ: ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಎತ್ತಿಟ್ಟು, ಆ ಜಾಗಕ್ಕೆ ಮಾರುತಿ ಓಮ್ನಿಯದೋ 800ರದೋ ಆಲ್ಟರ್ನೇಟರ್ ಕೂರಿಸಿ. ಸಣ್ಣ ಬ್ರಾಕೆಟ್ ಸಾಕು, ಬಾಡಿಗೆ ತೂತು ಬೇಡ. ಹಳೇ ರೆಗ್ಯುಲೇಟರ್ ಡಬ್ಬಿಯನ್ನು ಸರ್ಕ್ಯೂಟಿನಿಂದ ತೆಗೆಯುವುದು ಮರೆಯಬೇಡಿ, ಚಾರ್ಜಿಂಗ್ ವೈರ್ ದಪ್ಪದ್ದು ಹಾಕಿ. ಡೈನಮೋ ಗಾಡಿಯಲ್ಲಿ ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಎಣ್ಣೆ ತೀರಿದ ದೀಪದ ಹಾಗೆ ಆಗುತ್ತದೆ, ಅದು ತಪ್ಪುತ್ತದೆ.

ಹೆಡ್‌ಲೈಟಿಗೆ ಎಚ್4 ಬಲ್ಬು ಹಾಕಿದರೆ ರಿಲೇ (ದೊಡ್ಡ ಕರೆಂಟ್ ಹೊರುವ ಬೇರೆ ಸ್ವಿಚ್ಚು) ಕಡ್ಡಾಯ. 60 ವ್ಯಾಟಿನ ಎರಡು ಬಲ್ಬು ಅಂದರೆ 12 ವೋಲ್ಟಿಗೆ 10 ಆಂಪಿಯರ್. ಹಳೇ ಸ್ವಿಚ್ಚು ಅದನ್ನು ತಡೆಯಲ್ಲ, ಒಳಗೇ ಸುಡುತ್ತದೆ. ಎಸಿ ಮಾತು ಮರೆತುಬಿಡಿ. ಬಾಗಿಲ ಮುಂದಿನ ಸಣ್ಣ ತ್ರಿಕೋನ ಗಾಜು ಇದೆಯಲ್ಲ, ಅದನ್ನು ತಿರುಗಿಸಿದರೆ ಬರುವ ಗಾಳಿಗೆ ಯಾವ ಎಸಿಯೂ ಸಾಟಿಯಿಲ್ಲ.

ಒರಿಜಿನಲ್ ಮಾತ್ರ

ಡೈನಮೋ ಗುಜರಿಗೆ ಹಾಕಬೇಡಿ ಅಷ್ಟೇ. ಎಣ್ಣೆ ಸವರಿ ಕಟ್ಟಿಡಿ.

ಶೆಡ್ಡಿನ ಫಿಯಟ್, ಮೈಸೂರು

ಕಿಂಗ್ ಪಿನ್ನೇ ಆಗಿತ್ತು. ಆಯಿತು. ತಗಡೂ ಆಯಿತು, ಬಾಗಿಲು ‘ಟಪ್’ ಎಂದು ಕೂರುತ್ತದೆ. ವೈರಿಂಗಿಗೆ ಐದು ವಾರ. ಲೆಕ್ಕ ಬರೆದಿಡುತ್ತಿದ್ದೆ. ಒಂದು ಲಕ್ಷ ದಾಟಿದ ಮೇಲೆ ಆ ಪುಸ್ತಕ ಎಲ್ಲಿಟ್ಟೆನೋ ಸಿಗುತ್ತಿಲ್ಲ.

ಈಗ ಕಷ್ಟ ಬೇರೆ. ಪಾಯಿಂಟ್ (ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಸ್ವಿಚ್ಚು) ಹೊಸದು, ಕಂಡೆನ್ಸರ್ ಹೊಸದು, ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆ. ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದೇನೆ. ಸೆಲ್ಫ್ ಹೊಡೆದರೆ ‘ಭಡಾರ್’ ಎಂದು ಕಾರ್ಬುರೇಟರಿನಿಂದ ವಾಪಸ್ ಉಗುಳುತ್ತದೆ. ಪಕ್ಕದ ಮನೆಯವರು ದೀಪಾವಳಿಗೆ ಇನ್ನೂ ಟೈಮಿದೆ ಎಂದರು.

ಹುಬ್ಬಳ್ಳಿ ಮೇಸ್ತ್ರಿ

ಪ್ಲಗ್ ವೈರ್ ಯಾವ ಸಾಲಿನಲ್ಲಿ ಹಾಕಿದ್ದೀ?

ಶೆಡ್ಡಿನ ಫಿಯಟ್, ಮೈಸೂರು

1, 2, 3, 4.

ಹುಬ್ಬಳ್ಳಿ ಮೇಸ್ತ್ರಿ

ಕಂಪ್ಯೂಟರಿನವರು ಸೊನ್ನೆಯಿಂದ ಎಣಿಸುತ್ತಾರೆ ಅಂತ ಕೇಳಿದ್ದೆ. ಕಿಡಿ ಬೀಳುವ ಸಾಲು 1-3-4-2 ತಮ್ಮಾ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ರೋಟರ್ ಯಾವ ಕಡೆ ತಿರುಗುತ್ತದೆ ನೋಡಿ ಆ ಕಡೆಗೇ ಎಣಿಸು.

ಪಾಯಿಂಟ್ ಗ್ಯಾಪ್ 0.45 ಮಿಲಿಮೀಟರ್ ಸುಮಾರು ಇರಲಿ, ಫೀಲರ್ ಗೇಜಿನಿಂದ. ಟೈಮಿಂಗ್‌ಗೆ, ಅಂದರೆ ಕಿಡಿ ಬೀಳುವ ಕ್ಷಣ ಹೊಂದಿಸಲು, ಯಂತ್ರ ಬೇಡ, ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಸಾಕು. ಒಂದನ್ನು ಡಿಸ್ಟ್ರಿಬ್ಯೂಟರಿನ ಪಾಯಿಂಟ್ ವೈರಿಗೆ, ಇನ್ನೊಂದನ್ನು ಬಾಡಿಗೆ ಕೊಡು. ಕೀ ಆನ್ ಮಾಡು. ಇಂಜಿನ್ ಕೈಯಿಂದ ತಿರುಗಿಸಿ ಟೈಮಿಂಗ್ ಗುರುತಿಗೆ ತಂದು ನಿಲ್ಲಿಸು. ಡಿಸ್ಟ್ರಿಬ್ಯೂಟರನ್ನು ನಿಧಾನ ತಿರುಗಿಸು. ಬಲ್ಬ್ ಹೊತ್ತಿಕೊಂಡ ಕ್ಷಣವೇ ಪಾಯಿಂಟ್ ಬಿಟ್ಟುಕೊಂಡ ಕ್ಷಣ. ಅಲ್ಲೇ ಬಿಗಿ ಮಾಡು.

ಜೆಸಿ ರೋಡ್ ಜಂಗಮ, ಬೆಂಗಳೂರು

ಪೆಟ್ರೋಲ್ ಟ್ಯಾಂಕಿನಿಂದ ಕೊಡುತ್ತಿಲ್ಲ ತಾನೇ? ಹಳೇ ಟ್ಯಾಂಕಿನ ತುಕ್ಕು ನೇರ ಕಾರ್ಬುರೇಟರಿನ ಜೆಟ್ಟಿಗೆ (ಪೆಟ್ರೋಲ್ ಹೋಗುವ ಸಣ್ಣ ತೂತಿಗೆ) ಬಂದು ಕೂರುತ್ತದೆ. ಟ್ಯಾಂಕ್ ಇಳಿಸಿ, ಒಳಗೆ ಒಂದು ಹಿಡಿ ನಟ್ಟು, ಸೋಪಿನ ನೀರು ಹಾಕಿ ಕುಲುಕಿ ಕುಲುಕಿ ತೊಳೆಯಿರಿ. ಜೆಟ್ಟಿಗೆ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ. ಗಾಳಿ ಹೊಡೆಯಿರಿ.

ಇನ್ನೊಂದು. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್. 1979ರ ರಬ್ಬರಿಗೆ ಇದರ ಪರಿಚಯ ಇಲ್ಲ. ಪೆಟ್ರೋಲ್ ಪಂಪಿನ ಡಯಾಫ್ರಂ, ಹೋಸು ಎಲ್ಲ ಉಬ್ಬಿ ಮೆತ್ತಗಾಗುತ್ತದೆ. ಎಥೆನಾಲ್ ತಡೆಯುವ ಹೋಸು ಹಾಕಿ, ಪಂಪ್ ಕಿಟ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಎಥೆನಾಲ್ ನೀರು ಹೀರುತ್ತದೆ, ಆದ್ದರಿಂದ ಓಡಿಸದೆ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ. ಇಂಜಿನ್ ಸ್ವಲ್ಪ ಹಸಿದ ಹಾಗೆ ಎಳೆದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ ನೋಡಿ.

ಶೆಡ್ಡಿನ ಫಿಯಟ್, ಮೈಸೂರು

ಸ್ಟಾರ್ಟ್ ಆಯಿತು!!!

ಪಾಯಿಂಟ್, ಬಲ್ಬು, 1-3-4-2. ಚೋಕ್ ಎಳೆದು ಎರಡನೇ ಸೆಲ್ಫಿಗೆ. ಶೆಡ್ಡು ತುಂಬ ಬಿಳಿ ಹೊಗೆ, ಹಾಕಿದ್ದ ಡೀಸೆಲ್ ಎಲ್ಲ ಸುಟ್ಟಿತು. ಐದು ನಿಮಿಷಕ್ಕೆ ತಿಳಿಯಾಯಿತು. ಟೆಂಪರೇಚರ್ ಮುಳ್ಳು ಮೇಲೇರುತ್ತಿದೆ ಎಂದು ನಿಲ್ಲಿಸಿದ್ದೇನೆ. ರೇಡಿಯೇಟರ್ ತೆಗೆಸಿ ತೊಳೆಸಬೇಕು.

ಹುಬ್ಬಳ್ಳಿ ಮೇಸ್ತ್ರಿ

ನಿಲ್ಲಿಸಿದ್ದು ಒಳ್ಳೇದಾಯಿತು. ಅಲ್ಯೂಮಿನಿಯಂ ಹೆಡ್ಡು, ಒಂದು ಸಲ ಜಾಸ್ತಿ ಕಾದರೆ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಫೇಸಿಂಗ್ ಮಾಡಿಸಿ ಮಟ್ಟ ತರಬೇಕಾಗುತ್ತದೆ. ಬರೀ ನಲ್ಲಿ ನೀರು ಬೇಡ, ಕೂಲಂಟ್ ಬೆರೆಸಿ ಹಾಕು.

ಉಪ್ಪುಗಾಳಿ, ಕುಂದಾಪುರ

ಅಭಿನಂದನೆ! ಪೇಂಟಿಗೆ ಬಂದಾಗ ಒಂದೇ ಮಾತು. ಈಗಿನ ಪಿಯು (ಪಾಲಿಯುರೆಥೇನ್) ಪೇಂಟ್ ಗಟ್ಟಿ, ಹೊಳಪು ಹೆಚ್ಚು. ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಶೆಡ್ಡಿನಲ್ಲಿ ಹೊಡೆಯುವ ಕೆಲಸ ಅಲ್ಲ. ಉಜ್ಜುವುದು, ಪ್ರೈಮರ್ ತನಕ ನೀವು ಮಾಡಿ, ಕೊನೆಯ ಕೋಟು ಬೂತ್ ಇರುವವರಿಗೆ ಕೊಡಿ.

ಜೆಸಿ ರೋಡ್ ಜಂಗಮ, ಬೆಂಗಳೂರು

ಪೇಂಟಿನವರ ಕೈಗೆ ಕೊಡುವ ಮೊದಲು ಚಾಸಿ ನಂಬರಿನ ಮೇಲೆ ಟೇಪ್ ಹಚ್ಚಿ. ಆರ್‌ಟಿಒನಲ್ಲಿ ಪೆನ್ಸಿಲ್ ಅಚ್ಚು ತೆಗೆಯುವಾಗ ಪುಟ್ಟಿ ತುಂಬಿದ್ದರೆ ಫಜೀತಿ. ಆರ್‌ಸಿ ನವೀಕರಣದ ಫೀ ನೋಡಿಕೊಂಡಿದ್ದೀರಲ್ವಾ? 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ. ತಡವಾದದ್ದಕ್ಕೆ ದಂಡ ಬೇರೆ, ಗ್ರೀನ್ ಟ್ಯಾಕ್ಸ್ ಬೇರೆ.

ಶೆಡ್ಡಿನ ಫಿಯಟ್, ಮೈಸೂರು

ಬಹಳ ದಿನ ಆಯಿತು ಬರೆದು. ಆರ್‌ಟಿಒ ಮುಗಿಯಿತು. ಐದು ವರ್ಷಕ್ಕೆ ಆರ್‌ಸಿ ಬಂತು. ಪೇಂಟ್ ಆಗಿಲ್ಲ. ನೆಲ ರೆಡ್ ಆಕ್ಸೈಡ್ ಬಣ್ಣ, ಎಡ ಹೊಸ್ತಿಲು ಬೂದು ಪ್ರೈಮರ್, ಉಳಿದದ್ದು ಅಪ್ಪನ ಕಾಲದ ಬಿಳಿ.

ಹೋದ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ಮುಂದಿನ ಬೆಂಚ್ ಸೀಟಿನಲ್ಲಿ ಅಮ್ಮ, ಮಧ್ಯೆ ಹೂವಿನ ಚೀಲ. ದೊಡ್ಡ ಸರ್ಕಲ್ಲಿನಲ್ಲಿ ಹಸಿರು ದೀಪ ಬಂದಾಗ ಗೇರ್ ಸಿಕ್ಕಿಕೊಂಡಿತು. ಮೊದಲನೆಯದೂ ಅಲ್ಲ, ರಿವರ್ಸೂ ಅಲ್ಲ, ನ್ಯೂಟ್ರಲ್ ಅಂತೂ ಅಲ್ಲ. ಹಿಂದೆ ಬಸ್ಸು ಹಾರನ್ ಒತ್ತಿ ಹಿಡಿದಿದೆ. ನಾನು ಬೆವರುತ್ತಿದ್ದೇನೆ. ಪಕ್ಕದ ಆಟೋದಿಂದ ಬಿಳಿ ಗಡ್ಡದ ಡ್ರೈವರ್ ಇಳಿದು ಬಂದರು. ಏನೂ ಕೇಳಲಿಲ್ಲ. ಬಾನೆಟ್ ಎತ್ತಿಸಿದರು, ಸ್ಟೀರಿಂಗ್ ಕಂಬದ ಬುಡಕ್ಕೆ ಕೈ ಹಾಕಿ ಎರಡು ಲಿವರ್ ಹಿಡಿದು ಒಂದು ಸಲ ಎಳೆದರು. ‘ಕ್ಲಿಕ್’. ಬಾನೆಟ್ ಮುಚ್ಚಿ ಅದರ ಮೇಲೆ ಎರಡು ಸಲ ತಟ್ಟಿ, “ಬುಷ್ ಹೋಗಿದೆ ಸಾರ್” ಎಂದು ಆಟೋ ಹತ್ತಿದರು. ಥ್ಯಾಂಕ್ಸ್ ಹೇಳುವಷ್ಟರಲ್ಲಿ ಹೋಗಿಯಾಗಿತ್ತು.

ಅಮ್ಮ ಕೇಳಿದರು, “ಅವರು ಮಾಡಿದ್ದು ನೋಡಿಕೊಂಡೆ ತಾನೇ?”

ಹುಬ್ಬಳ್ಳಿ ಮೇಸ್ತ್ರಿ

ನೋಡಿಕೊಂಡೆ ತಾನೇ?

ಶೆಡ್ಡಿನ ಫಿಯಟ್, ಮೈಸೂರು

ನೋಡಿಕೊಂಡೆ ಮೇಸ್ತ್ರಿಗಳೇ. ಆಮೇಲೆ ಎರಡು ಸಲ ನಾನೇ ಬಿಡಿಸಿದೆ.

ಜೆಸಿ ರೋಡ್ ಜಂಗಮ, ಬೆಂಗಳೂರು

ನೈಲಾನ್ ಬುಷ್ ನನ್ನ ಹತ್ತಿರ ಎರಡು ಜೊತೆ ಇದೆ. ಒಂದು ಕಳಿಸುತ್ತೇನೆ, ವಿಳಾಸ ಖಾಸಗಿಯಾಗಿ ಹಾಕಿ. ದುಡ್ಡು ಬೇಡ. ಮೈಸೂರಿನಲ್ಲಿ ಎಲ್ಲಾದರೂ ತ್ರಿಕೋನ ಗಾಜಿನ ರಬ್ಬರ್ ಬೀಡಿಂಗ್ ಕಂಡರೆ ನನಗೊಂದು ಎಡಗಡೆಯದು ಎತ್ತಿಡಿ.

ಶೆಡ್ಡಿನ ಫಿಯಟ್, ಮೈಸೂರು

ಬುಷ್ ಬಂತು, ಹಾಕಿದೆ. ಗೇರ್ ಬೆಣ್ಣೆ. ಬೀಡಿಂಗ್ ಬಲಗಡೆಯದೇ ಸಿಗುತ್ತಿದೆ, ಹುಡುಕುತ್ತಿದ್ದೇನೆ.

ಅಮ್ಮ ನಂಜನಗೂಡಿಗೆ ಯಾವಾಗ ಎಂದು ಕೇಳುತ್ತಿದ್ದಾರೆ. ಸೋಮವಾರ ರಜೆ ಹಾಕಿದ್ದೇನೆ. ಅದಕ್ಕೆ ಮೊದಲು ಹಿಂದಿನ ಎಡ ಡ್ರಮ್ ಇನ್ನೊಂದು ಸಲ ಬಿಚ್ಚಿ ನೋಡಬೇಕು, ಟೈರಿನ ಒಳಬದಿ ಸ್ವಲ್ಪ ಒದ್ದೆ ಕಂಡ ಹಾಗಾಯಿತು.